ಗಿಟಾರಿನ ಹೊಟ್ಟೆಯೊಳಗಿನ ಎರಡನೇ ಚೀಟಿ

ನೆರಳುಬೀದಿ, ಗದಗ
ಫೆಬ್ರವರಿ ೩೧, ೨೧೭೪

ಚಿ. ನೀಲಗಂಗಾಳಿಗೆ ಫಕೀರಪ್ಪ ಕಾಕಾ ಮಾಡುವ ಆಶೀರ್ವಾದಗಳು.

ತಾರೀಖು ನೋಡಿ ನಗಬೇಡ. ಫೆಬ್ರವರಿಗೆ ಹಿಂದಿನವರು ಮಾಡಿದ ಅನ್ಯಾಯವನ್ನು ನಮ್ಮ ಕಾಲದವರು ಸರಿಪಡಿಸಿ, ಬೇಸಿಗೆಯ ತಿಂಗಳುಗಳಿಂದ ಮೂರು ದಿನ ಕಿತ್ತು ಅದಕ್ಕೆ ಕೊಟ್ಟಿದ್ದಾರೆ. ಬೇಸಿಗೆ ಮಾತ್ರ ಕಡಿಮೆಯಾಗಿಲ್ಲ. ಈ ಕಾಗದ ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ ಬರುತ್ತದೆ. ಅದನ್ನು ನಡೆಸುವವನು ನನ್ನ ಬೀಗ, ದೊಡ್ಡ ಸುಳ್ಳುಗಾರ. ಮುಟ್ಟಿಸುತ್ತೇನೆಂದು ಆಣೆ ಮಾಡಿದ್ದಾನೆ. ನನ್ನ ಮಾತು ಎಲ್ಲಾದರೂ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ. ನಾನು ಓದಿದ್ದು ಊರ ಶಾಲೆಯ ಏಳನೇ ಇಯತ್ತೆ, ಅಲ್ಲಿಗೆ ನಿಲ್ಲಿಸಿದ್ದೂ ಮಾಸ್ತರರಿಗೆ ನನಗೆ ಕಲಿಸುವುದು ಮುಗಿದುಹೋದದ್ದರಿಂದ. ವರ್ಷದ ಲೆಕ್ಕಕ್ಕೆ ನೀನು ನನ್ನ ಮುತ್ತಜ್ಜಿಗೂ ಹಿರಿಯಳು. ಆದರೆ ಅಕ್ಷರ ನೋಡಿದರೆ ಇಪ್ಪತ್ತು ದಾಟಿದಂತಿಲ್ಲ, ನನಗೆ ಅರವತ್ನಾಲ್ಕು. ಆದ್ದರಿಂದ ಕಾಕಾ ಆಗುವ ಹಕ್ಕು ನನ್ನದೇ.

ನಿನ್ನ ಅಕ್ಷರ ಎಲ್ಲಿ ಕಂಡೆನೆಂದರೆ, ನೀನು ರಿಪೇರಿ ಮಾಡಿದ ಗಿಟಾರು ಈಗ ನನ್ನ ಮುಂದೆಯೇ ಇದೆ. ಅದರ ಹೊಟ್ಟೆಯೊಳಗೆ ನೀನು ಅಂಟಿಸಿದ ಚೀಟಿಯನ್ನು, ಹಲ್ಲಿನ ಡಾಕ್ಟರರ ಹತ್ತಿರ ಇರುತ್ತದಲ್ಲ, ಅಂಥ ಕೋಲುಗನ್ನಡಿ ಇಳಿಬಿಟ್ಟು ಓದಿದ್ದೇನೆ. "ಸೇತುವೆ ಬಿಚ್ಚಲಿಕ್ಕೆ ಇಸ್ತ್ರಿ ಪೆಟ್ಟಿಗೆ ಇಟ್ಟೆ. ಹಲಗೆ ಸುಟ್ಟಿತು. ಮುಂದೆ ಬಿಚ್ಚುವವರು ಕ್ಷಮಿಸಬೇಕು. ಇದು ನನ್ನ ಮೊದಲ ಗಿಟಾರು. ಕೊನೆಯದೂ ಇದೇ. ನೀಲಗಂಗಾ, ಗದಗ, ೨೦೨೬." ಸೇತುವೆಯೆಂದರೆ ತಂತಿಗಳ ಬುಡ ಹಿಡಿಯುವ ಮರದ ಪಟ್ಟಿ ಎಂದು ನಿನಗೆ ಹೇಳಬೇಕಿಲ್ಲ. ಅದರ ಪಕ್ಕದಲ್ಲಿ ಇಸ್ತ್ರಿ ಪೆಟ್ಟಿಗೆಯ ಮೂತಿಯ ಗುರುತು ಇನ್ನೂ ಇದೆ. ನನ್ನ ಈ ಕಾಗದ ಆ ಚೀಟಿಯ ಕೊನೆಯ ಮಾತಿಗೆ ಉತ್ತರ. ಅದಾದ ಮೇಲೆ ನೀನು ಕೆಲಸ ಬಿಟ್ಟೆಯೋ ಹಿಡಿದೆಯೋ ನನಗೆ ಗೊತ್ತಿಲ್ಲ.

ನಮ್ಮ ಬೀದಿಯ ಮೇಲೆಲ್ಲ ಬಿಸಿಲುಹಲಗೆ ಹೊದಿಸಿದ್ದಾರೆ. ಅದು ಬಿಸಿಲು ಕುಡಿದು ದೀಪ ಉರಿಸುತ್ತದೆ, ಕೆಳಗೆ ನಾವು ನೆರಳಿನಲ್ಲಿ ಕೂತು ದುಡಿಯುತ್ತೇವೆ. ಮರ ಕಡಿಯುವುದು ನಿಂತು ಎಂಬತ್ತು ವರ್ಷವಾಯಿತು. ಹೊಸ ಗಿಟಾರುಗಳೆಲ್ಲ ಜೋಳದ ದಂಟು ಒತ್ತಿ ಮಾಡಿದವು. ನಿಮ್ಮ ಕಾಲದ ಮರದವಕ್ಕೆ ನಾವು ಅಜ್ಜಿಯರು ಎನ್ನುತ್ತೇವೆ. ಒಣ ಹವೆಗೆ ಅಜ್ಜಿಯರ ಕತ್ತು ಕುಗ್ಗಿ, ಅದರ ಮೇಲಿನ ಲೋಹದ ಗೆರೆಗಳ ತುದಿ ಹೊರಬಂದು ನುಡಿಸುವವರ ಬೆರಳು ಗೀರುತ್ತದೆ. ಆಗ ಕೊಪ್ಪಳದಿಂದಲೂ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಶ್ರುತಿ ಹೇಳುವ ಯಂತ್ರ ಮನೆಮನೆಗೂ ಇದೆ. ಗಿಟಾರಿಗೆ ನೋವು ಎಲ್ಲಿದೆ ಎಂದು ಹೇಳುವ ಕಿವಿ ಈ ಸೀಮೆಯಲ್ಲಿ ಒಂದೇ, ಅದು ನನ್ನ ಬಲಗಿವಿ. ಎಡಗಿವಿಯೂ ಪರವಾಗಿಲ್ಲ.

ಕೆಲಸ ಹಿಡಿಯುವುದು ಹೇಗೆಂದು ಹೇಳುತ್ತೇನೆ, ಕೇಳು. ಒಳ್ಳೆಯ ಗಿಟಾರು ಮುಟ್ಟಬೇಡ. ಶಾಲೆಯ ಬೀರುವಿನಲ್ಲಿ, ಚರ್ಚಿನ ಮೂಲೆಯಲ್ಲಿ, ಕಾಲೇಜು ಮುಗಿಸಿದವರ ಅಟ್ಟದಲ್ಲಿ ಮುರಿದವು ಬಿದ್ದಿರುತ್ತವೆ, ಕೇಳಿ ತೆಗೆದುಕೋ. ಹತ್ತು ಗಿಟಾರಿಗೆ ತಂತಿ ಬದಲಿಸಿ, ಕೊಳೆ ತೆಗೆದು, ಶ್ರುತಿ ಕೂರಿಸು, ಬೇರೇನೂ ಮಾಡಬೇಡ. ರಿಪೇರಿ ಅಂಗಡಿಯಲ್ಲಿ ಒಂದು ತಿಂಗಳು ಸುಮ್ಮನೆ ಕೂತು ನೋಡು. ಹತಾರುಗಳನ್ನು ಒಮ್ಮೆಲೇ ಕೊಳ್ಳಬೇಡ, ಕೆಲಸ ಬಂದಾಗ ಅದಕ್ಕೆ ಬೇಕಾದದ್ದು ತಗೋ. ಗಿರಾಕಿ ಬಂದರೆ ಮೊದಲು ಅವರ ಕೈಯಲ್ಲೇ ನುಡಿಸಲು ಹೇಳು, ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ. ಕತ್ತಿನೊಳಗಿನ ಸರಳನ್ನು ಕಾಲು ಸುತ್ತು ತಿರುಗಿಸಿ ಒಂದು ದಿನ ಬಿಡು. ಮರ ತನ್ನ ಪಾಡಿಗೆ ತಾನು ಕೂರುತ್ತದೆ. ಇಸ್ತ್ರಿ ಪೆಟ್ಟಿಗೆ ಬಟ್ಟೆಗೆ ಇರಲಿ.

ಇನ್ನು ನನ್ನ ಮರ್ಯಾದೆ ಹೋದ ಕಥೆ. ನನ್ನ ಉಸ್ತಾದರು ಮೋದಿನಬಿ ಅಕ್ಕ. ಅವರ ಅಂಗಡಿಯಲ್ಲಿ ಒಂದು ಕಟ್ಟಳೆಯಿತ್ತು: ಕೆಲಸ ಮಾಡಿದವರು ತಾವು ಮಾಡಿದ ತಪ್ಪನ್ನು ಚೀಟಿಯಲ್ಲಿ ಬರೆದು ಗಿಟಾರಿನ ಒಳಗೆ ಅಂಟಿಸಬೇಕು, ಮುಂದೆ ಬಿಚ್ಚುವವರಿಗೆ ಗೊತ್ತಾಗಲೆಂದು. ಅದಕ್ಕೆ ತಪ್ಪುಚೀಟಿ ಎನ್ನುತ್ತೇವೆ. ಇಪ್ಪತ್ತಾರನೇ ವಯಸ್ಸಿನಲ್ಲಿ ನಾನು ಅಳತೆಯಿಲ್ಲದೆ ಕಣ್ಣಂದಾಜಿನಲ್ಲೇ ಮಾಡುತ್ತೇನೆಂದು ಬೀಗಿ, ಕತ್ತಿನ ತುದಿಯಲ್ಲಿ ತಂತಿ ಕೂರುವ ಗೀರನ್ನು ಆಳವಾಗಿ ಅರೆದುಬಿಟ್ಟೆ. ತಂತಿ ಜೀರುಂಡೆಯಂತೆ ಗುಯ್ಯೆಂದಿತು. ಮರದ ಪುಡಿ, ಅಂಟು ಕಲಸಿ ಗೀರು ತುಂಬಿ, ಮತ್ತೆ ಅರೆದು, ಚೀಟಿ ಬರೆಯದೆ ಕೊಟ್ಟೆ. ವಾರದೊಳಗೆ ಪುಡಿ ಉದುರಿ ಗಿಟಾರು ವಾಪಸು ಬಂತು. ಅಕ್ಕ ಕನ್ನಡಿ ಇಳಿಬಿಟ್ಟು ನೋಡಿದರು, ಒಳಗೆ ಚೀಟಿಯಿಲ್ಲ.

"ಗೀರು ಆಳ ಆತಲ್ಲ, ಅದು ಕೈ ಮಾಡಿದ್ದು. ಚೀಟಿ ಬರೀಲಿಲ್ಲಲ್ಲ, ಅದು ನೀ ಮಾಡಿದ್ದು. ನಾಳೆಯಿಂದ ಬರಬ್ಯಾಡ ಫಕೀರಪ್ಪ" ಅಂದರು.

ನಾನು ಕಡಿಮೆ ಓದಿದವನು, ಅಕ್ಷರ ಕೆಟ್ಟದಾಗಿದೆ, ನಾಚಿಕೆಯಾಗಿ ಬರೆಯಲಿಲ್ಲ ಎಂದು ನೆವ ಹೇಳಿದೆ. ಅಕ್ಕ ಗೋಡೆಯ ಮೇಲಿನ ಸುಟ್ಟ ಗಿಟಾರು ಇಳಿಸಿ, ಕನ್ನಡಿ ನನ್ನ ಕೈಗೆ ಕೊಟ್ಟರು. ಒಳಗಿದ್ದದ್ದು ನಿನ್ನ ಚೀಟಿ. ಅದನ್ನು ನೋಡಿಯೇ ಅವರ ಮುತ್ತಜ್ಜ ಈ ಕಟ್ಟಳೆ ಹಾಕಿದ್ದಂತೆ.

"ಈಕಿ ಅಕ್ಷರ ನಿನಗಿಂತ ಕೆಟ್ಟ ಅದಾವ. ಆದರೂ ಬರದಾಳ."

ನಾನು ಅಲ್ಲೇ ಕೂತು ನನ್ನ ಚೀಟಿ ಬರೆದೆ. ಅಕ್ಕ ಅದನ್ನು ಓದಿ, ಅಂಟಿನ ಡಬ್ಬಿ ನನ್ನ ಕಡೆ ಸರಿಸಿದರು. ನಾಳೆ ಬಾ ಎಂದೂ ಅನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. ನಾನು ಹೋದೆ. ಮೂವತ್ತೆಂಟು ವರ್ಷವಾಯಿತು, ಹೋಗುತ್ತಲೇ ಇದ್ದೇನೆ. ಅಕ್ಕ ತೀರಿಕೊಂಡ ಮೇಲೆ ಆ ಗಿಟಾರೂ ಅಂಗಡಿಯೂ ನನ್ನ ಪಾಲಿಗೆ ಬಂದವು. ಒಂದು ಮಾತು ಹೇಳಲೇಬೇಕು, ನಾನು ಬೇರೆಯವರನ್ನು ಸುಲಭಕ್ಕೆ ಹೊಗಳುವವನಲ್ಲ: ನೀನು ಹಲಗೆ ಸುಟ್ಟಿದ್ದು ನಿಜ, ಆದರೆ ನೀನು ಮತ್ತೆ ಕೂರಿಸಿದ ಸೇತುವೆ ಇವತ್ತಿಗೂ ಕೂದಲೆಳೆಯಷ್ಟೂ ಎದ್ದಿಲ್ಲ. ನನ್ನ ಅಂಟು ಅಷ್ಟು ಬಾಳುತ್ತದೋ ಇಲ್ಲವೋ.

ನಿನ್ನ ಚೀಟಿ ಓದಿದಂದಿನಿಂದ ಅಂಗಡಿಗೆ ಯಾವ ಅಜ್ಜಿ ಬಂದರೂ ಮೊದಲು ಕನ್ನಡಿ ಇಳಿಬಿಟ್ಟು ನಿನ್ನ ಹೆಸರು ಹುಡುಕುತ್ತೇನೆ. ಇನ್ನೂ ಸಿಕ್ಕಿಲ್ಲ. ಅದಕ್ಕೆ ನನ್ನದೊಂದು ಕೋರಿಕೆ. ಇನ್ನೊಂದು ಗಿಟಾರು ಹಿಡಿ ಮಗಳೇ. ಅದರಲ್ಲೂ ಏನಾದರೂ ತಪ್ಪು ಮಾಡುತ್ತೀಯ, ಅದನ್ನು ಬರೆದು ಅಂಟಿಸು. ಪೆನ್ಸಿಲ್ಲಿನಲ್ಲಿ ಬರೆ, ಶಾಯಿ ಹರಡುತ್ತದೆ. ನಾಳೆ ಬೆಳಿಗ್ಗೆ ಲಕ್ಷ್ಮೇಶ್ವರದಿಂದ ಒಂದು ಅಜ್ಜಿ ಬರುವುದಿದೆ. ಕನ್ನಡಿ ಒರೆಸಿ ಇಟ್ಟಿದ್ದೇನೆ.

ಇಂತಿ ನಿನ್ನ,
ಫಕೀರಪ್ಪ ಕಾಕಾ