ದನ ಎಷ್ಟಿವೆ ಎಂದು ಕೇಳಿದ್ದಕ್ಕೆ

ನೆಬ್ರಾಸ್ಕಾ, ಆಗಸ್ಟ್ 2020

ಕೃಷಿ ಕಚೇರಿಯ ಕುಚೇರಾ ಅವರಿಗೆ,

ದನ ಸಾಕುವವರಿಗೆ ಕೊಡುವ ಕೊರೊನಾ ಪರಿಹಾರದ ಅರ್ಜಿ ತುಂಬಿ ಕಳಿಸಿದ್ದೇನೆ. ‘ದನಗಳ ಸಂಖ್ಯೆ’ ಎಂಬಲ್ಲಿ ಮಾತ್ರ ಖಾಲಿ ಬಿಟ್ಟಿದ್ದೇನೆ. ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ ಎಂದು ಕೇಳಿದ ಹಾಗೆ ಅದು; ನಮ್ಮ ಕಡೆ ಅದನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ದನ ಸಾಕಿದ ಮನೆಯಲ್ಲೇ ಹುಟ್ಟಿದ ನಿಮಗೂ ಗೊತ್ತು. ಮೂವತ್ತೊಂಬತ್ತು ವರ್ಷ ನನ್ನ ಗಂಡ ಆರ್ವಿಡ್ ನನಗೂ ಹೇಳಿರಲಿಲ್ಲ. ಕೇಳಿದರೆ, "ಸಾಕಾಗೋವಷ್ಟಿವೆ ಕಣೆ," ಎನ್ನುತ್ತಿದ್ದರು.

ಜೂನಿನಲ್ಲಿ ಅವರು ಕೊರೊನಾದಿಂದ ಮಲಗಿದ್ದಾಗ ಆಸ್ಪತ್ರೆಯೊಳಗೆ ನನ್ನನ್ನು ಬಿಡಲಿಲ್ಲ. ನರ್ಸು ಅವರ ಕಿವಿಗೆ ಫೋನ್ ಹಿಡಿದಳು. ಉಸಿರು ಎಳೆದೆಳೆದು ಒಂದು ಸಂಖ್ಯೆ ಹೇಳಿದರು. "ಯಾರಿಗೂ ಹೇಳ್ಬೇಡ ಕಣೆ," ಅಂದರು. ಅದೇ ಕೊನೆಯ ಮಾತು.

ಆದ್ದರಿಂದ ನೀವೇ ಒಮ್ಮೆ ಬನ್ನಿ. ಗೇಟು ತೆಗೆದು ಒಂದೊಂದಾಗಿ ಬಿಡುತ್ತೇನೆ, ಎಣಿಸಿಕೊಳ್ಳಿ. ದಯವಿಟ್ಟು ಗಟ್ಟಿಯಾಗಿ ಎಣಿಸಬೇಡಿ. ಆ ಸಂಖ್ಯೆಯನ್ನು ನಾನು ಕೇಳಿರುವುದು ಅವರ ದನಿಯಲ್ಲಿ ಮಾತ್ರ.

ಇಂತಿ,
ಆರ್ವಿಡ್‌ನ ಹೆಂಡತಿ ಅರ್ಲೀನ್