ಗಂಟುಬಿದ್ದ ಕೂದಲು

ಚಿಕ್ಕೋಡಿ,
ತಾ. 20-12-1987, ರವಿವಾರ

ಅಪ್ಪಾ,

ಮೊದಲು ‘ಪ್ರೀತಿಯ’ ಎಂದು ಬರೆದಿದ್ದೆ, ಆಮೇಲೆ ಗೀಟು ಎಳೆದೆ. ಗೀಟು ಕಾಣಲಿ ಎಂದೇ ಹಾಳೆ ಬದಲಿಸಿಲ್ಲ. ನಿನ್ನ ಸೊಂಟ ಹೇಗಿದೆ? ಅವ್ವನ ಕೈ ಕಬ್ಬಿನ ರವದಿಯ ಒಣಗರಿಗೆ ಕೊಯ್ದಿತ್ತಂತೆ, ಮಾಯಿತೇ? ಸಿಟ್ಟಿದ್ದರೂ ಕೇಳಬೇಕು, ಕೇಳಿದ್ದೇನೆ. ಮುಕಾದಮ ಬಾಪುಸಾಹೇಬರೇ, ನಿಮ್ಮ ಕಬ್ಬು ಕಡಿಯುವ ಟೋಳಿಯಲ್ಲಿ ಓದಲು ಬರುವುದು ನಿಮಗೊಬ್ಬರಿಗೇ. ಅಪ್ಪ ಹೇಳಿದ್ದನ್ನು ಬರೆದು ಕಳಿಸಿದವರೂ ನೀವೇ. ಇದನ್ನು ಅವ್ವನಿಗೂ ಕೇಳುವಂತೆ ಗಟ್ಟಿಯಾಗಿ ಓದಿರಿ, ಖಾರ ಬಂದ ಕಡೆ ನುಂಗಬೇಡಿರಿ.

ಅಪ್ಪಾ, ಶಾಲೆಯವರಿಗೆ ನೀನು ಬರೆಸಿದ ಪತ್ರ ಮುಟ್ಟಿತು. “ತುಳಸವ್ವಗ ತಾಯಿ ಬಂದಾಳಂತ, ಸಾಲಿ ಬಿಡಸ್ರಿ, ಬನದ ಹುಣ್ಣಿವಿಗೆ ಕೊಕಟನೂರ ಎಲ್ಲವ್ವನ ಗುಡ್ಯಾಗ ಮುತ್ತು ಕಟ್ಟಸೂಣು.” ಆಹಾ, ಎಷ್ಟು ಸಲೀಸಾಗಿ ಹೇಳಿಬಿಟ್ಟೆ! ಎಮ್ಮೆ ಮಾರುವುದಾದರೂ ನಾಲ್ಕು ಜನರನ್ನು ಕೇಳುತ್ತೀ. ನನ್ನನ್ನು ಒಂದು ಮಾತು ಕೇಳಿದೆಯಾ? ನೀವು ಕಬ್ಬಿಗೆ ಹೋದ ಮೇಲೆ ದೀಪಾವಳಿ ಸೂಟಿಯಲ್ಲಿ ನನಗೆ ವಿಷಮಜ್ವರ ಬಂತು. ದಿಗ್ಗೇವಾಡಿಯ ಮನೆಯಲ್ಲಿ ಎದ್ದು ಕೂಡಲೂ ಆಗದೆ ಬಿದ್ದುಕೊಂಡಿದ್ದೆ. ನಿನ್ನ ಅವ್ವ ಹೊಳೆವ್ವ ಆಯಿ ಗಂಜಿ ಕುಡಿಸಿದಳು, ಹಣೆಗೆ ಒದ್ದೆ ಬಟ್ಟೆ ಹಾಕಿದಳು, ಅದನ್ನು ನಾನು ಮರೆಯುವವಳಲ್ಲ. ಆದರೆ ತಲೆ ಬಾಚಲಿಲ್ಲ, ಅವಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಬೆವರು, ಎಣ್ಣೆ, ಕೌದಿಯ ನೂಲು ಎಲ್ಲ ಸೇರಿ ಹಿಂದಲೆಯ ಕೂದಲು ಗಂಟುಬಿತ್ತು. ಜ್ವರ ಬಿಟ್ಟು ಎದ್ದು ಹಣಿಗೆ ಕೇಳಿದರೆ ಆಯಿ ಗಂಟು ಮುಟ್ಟಿ ನೋಡಿ, “ಯವ್ವಾ, ಜಡಿ ಬಿಟ್ಟೈತಿ! ಎಲ್ಲವ್ವ ಹುಡಿಗೀನ ಕೇಳಾಕತ್ತಾಳ” ಎಂದು ಓಣಿಗೆಲ್ಲ ಕೂಗಿ ಗಂಟಿಗೆ ದೇವಿಯ ಅರಿಶಿಣ ಭಂಡಾರ ಬಳಿದಳು. ಮರುದಿನ ಓಣಿಯ ಹೆಂಗಸರು ಬಂದು ನನ್ನ ಕಾಲು ಮುಟ್ಟತೊಡಗಿದರು. ನನಗೆ ಅಳು ಬರಲಿಲ್ಲ, ಒದೆಯಬೇಕು ಅನಿಸಿತು.

ಈ ಸಿಸ್ಟರುಗಳ ಹೈಸ್ಕೂಲಿಗೆ ಸೈಕಲ್ಲಿನ ಮೇಲೆ ಕೂರಿಸಿಕೊಂಡು ತಂದು ಬಿಟ್ಟವನು ನೀನೇ. “ಹುಡಿಗಿ ಭಾಳ ಶಾಣ್ಯಾ ಅದಾಳ್ರಿ, ಕಲಸ್ರಿ” ಎಂದು ಕೈಮುಗಿದು ಹೋದೆ. ಕಲಿಸಿದ್ದಾರೆ, ಕೇಳು. ಗಣಿತದಲ್ಲಿ ಪ್ರಮೇಯ ಬಿಡಿಸುವಾಗ ದತ್ತ, ಸಾಧನೀಯ, ಸಾಧನೆ ಎಂದು ಬರೆಯುತ್ತೇವೆ. ಕೈಯಲ್ಲಿರುವುದು ದತ್ತ, ತೋರಿಸಬೇಕಾದದ್ದು ಸಾಧನೀಯ, ಹೇಗೆ ಎಂದು ತೋರಿಸುವುದು ಸಾಧನೆ. ದತ್ತ: ತುಳಸವ್ವನ ಕೂದಲು ಗಂಟಾಗಿದೆ. ಸಾಧನೀಯ: ಎಲ್ಲವ್ವ ಬಂದಿದ್ದಾಳೆ. ಸಾಧನೆ ಎಲ್ಲಪ್ಪಾ? ಸತ್ತೆಪ್ಪ ಕಾಕಾನ ಹೋತದ ಗಡ್ಡವೂ ಗಂಟಾಗಿದೆ, ಅದಕ್ಕೂ ಮುತ್ತು ಕಟ್ಟುತ್ತೀರಾ? ಇತಿಹಾಸದಲ್ಲಿ ಸತಿ ಹೋಗುವ ಪಾಠ ಬಂತು. ಜೀವಂತ ಹೆಂಗಸನ್ನು ಚಿತೆಗೆ ಹತ್ತಿಸಿದವರೂ ‘ಹಿರಿಯರು ನಡೆಸಿಕೊಂಡು ಬಂದದ್ದು’ ಎಂದೇ ಅಂದಿರಬೇಕು. ಮುತ್ತು ಕಟ್ಟಬಾರದೆಂದು ಈಗ ಕಾಯದೆ ಇದೆ, ನಿನಗೂ ಗೊತ್ತು. ಇನ್ನು ವಿಜ್ಞಾನ. ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವವಿಲ್ಲವಂತೆ, ಅದಕ್ಕೇ ಕತ್ತರಿಸಿದರೆ ನೋಯುವುದಿಲ್ಲ. “ಜಡಿ ಕೊಯ್ದವರು ರಗತ ಕಾರಿ ಸಾಯ್ತಾರ” ಎನ್ನುತ್ತಾಳೆ ಆಯಿ. ಅದನ್ನು ಯಾವ ಪುಸ್ತಕದಲ್ಲೂ ನಾನು ಕಾಣಲಿಲ್ಲ.

ಪುಸ್ತಕ ಬೇಡ ಬಿಡು, ಕಣ್ಣಿದ್ದರೆ ಸಾಕು. ಕೆಂಚವ್ವ ಅತ್ತೆ ನಿನ್ನ ಬೆನ್ನಿಗೆ ಬಿದ್ದ ತಂಗಿ. ಅವಳಿಗೂ ಹೀಗೇ ಜಟೆ ಬಂತೆಂದು ಮುತ್ತು ಕಟ್ಟಿಸಿ ದೇವಿಗೆ ಬಿಟ್ಟಿರಿ. ಮದುವೆಯಿಲ್ಲ, ಗಂಡನಿಲ್ಲ, ಯಾವ ಗಂಡಸು ಬಂದು ನಿಂತರೂ ಬಾಗಿಲು ಹಾಕುವಂತಿಲ್ಲ. ಹಬ್ಬಕ್ಕೆ ಅವಳು ಬಂದರೆ ನೀನು ತಲೆ ತಗ್ಗಿಸಿ ಹೊರಗೆ ಹೋಗುತ್ತೀ, ನಾನು ನೋಡಿದ್ದೇನೆ. ತಂಗಿಯ ಮುಖ ನೋಡಲಾಗದವನು ಮಗಳ ಮುಖ ಹೇಗೆ ನೋಡುತ್ತೀಯೋ, ನಾಚಿಕೆಯಾಗುವುದಿಲ್ಲವೇ?

ಸಿಸ್ಟರ್ ಬ್ರಿಜಿಡಾ ಮೇಲೂ ಸಿಟ್ಟಿದೆ. ವಿಜ್ಞಾನ ಕಲಿಸುವವರು ಅವರೇ. ಕತ್ತರಿಸಿಬಿಡಿ ಎಂದು ಕಾಲು ಹಿಡಿದೆ. “ನಿಮ್ಮ ಅಪ್ಪ ಹೂಂ ಅನ್ನಲಿ ತುಳಸಿ, ಇಲ್ಲದಿದ್ದರೆ ಇಗರ್ಜಿಯವರು ದೇವಿಯನ್ನು ಅವಮಾನ ಮಾಡಿದರು ಎಂದು ಜನ ಬರುತ್ತಾರೆ” ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವರು ಹೇಳಿದ್ದೂ ಸುಳ್ಳಲ್ಲ. ಹೋದ ವಾರ ಆಯಿ ಹೆಂಗಸರನ್ನು ಕಟ್ಟಿಕೊಂಡು ಹಾಸ್ಟೆಲ್ ಬಾಗಿಲಿಗೆ ಬಂದು, “ನಮ್ಮ ಹುಡಿಗೀನ ಕಿರಿಸ್ತಾನರ ಮಾಡಾಕತ್ತೀರೇನ?” ಎಂದು ಮಣ್ಣು ತೂರಿ ಹೋದಳು. ಹುಡುಗಿಯರೆಲ್ಲ ಕಿಟಕಿಯಲ್ಲಿ ನಿಂತು ನೋಡಿದರು. ಅವತ್ತಿನಿಂದ ಪಕ್ಕದಲ್ಲಿ ಯಾರೂ ಹಾಸಿಗೆ ಹಾಸುತ್ತಿಲ್ಲ. ಕೆಲವರಿಗೆ ನನ್ನ ಮೇಲೆ ಭಕ್ತಿ, ಕೆಲವರಿಗೆ ಹೇನಿನ ಭಯ.

ಅವ್ವಾ, ನೀನಿದ್ದಿದ್ದರೆ ಬಯ್ಯುತ್ತ ಬಯ್ಯುತ್ತ ಹಣಿಗೆಯಿಂದ ಬಿಡಿಸುತ್ತಿದ್ದೆ, ನನ್ನ ಕಣ್ಣಲ್ಲಿ ನೀರು ಬಂದರೂ ಬಿಡುತ್ತಿರಲಿಲ್ಲ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ, ನಿನ್ನ ನೆನಪಾಗುತ್ತದೆ. ಕೈಗೆ ಅರಿಶಿಣ ಹಚ್ಚಿಕೋ, ಬರಿಗೈಯಲ್ಲಿ ರವದಿ ಎಳೆಯಬೇಡ. ಅಪ್ಪನಿಗೆ ನಮಸ್ಕಾರ, ಮಗಳಾಗಿ ಹುಟ್ಟಿದ್ದಕ್ಕೆ.

ಇಂತಿ,
ಸಿಟ್ಟು ಇಳಿಯದ ಮಗಳು,
ತುಳಸವ್ವ
ಹತ್ತನೆಯ ಇಯತ್ತೆ

ತಾ.ಕ.: ಕಬ್ಬಿನ ಟ್ರಕ್ಕಿನ ಮಾಳಸಿದ್ದ ಕಾಕಾ ಗೇಟಿನ ಹತ್ತಿರ ಹಾರ್ನು ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಬೆಳಿಗ್ಗೆ ಸಿಸ್ಟರುಗಳು ಪೂಜೆಗೆ ಇಗರ್ಜಿಗೆ ಹೋದಾಗ ಹೊಲಿಗೆಯ ಕತ್ತರಿ ತೆಗೆದುಕೊಂಡು ನಾನೇ ಕತ್ತರಿಸಿಕೊಂಡೆ. ಅವರನ್ನು ಯಾರೂ ಬಯ್ಯಬೇಡಿ, ಕೈ ನನ್ನದು. ರಕ್ತ ಕಾರಲಿಲ್ಲ, ಮಧ್ಯಾಹ್ನ ಹೊಟ್ಟೆ ತುಂಬ ಉಂಡಿದ್ದೇನೆ. ಭಂಡಾರದ ಸಮೇತ ಆ ಗಂಟನ್ನು ಬಟ್ಟೆಯಲ್ಲಿ ಸುತ್ತಿ ಕಾಕಾನ ಕೈಯಲ್ಲಿ ಕಳಿಸಿದ್ದೇನೆ. ತಾಯಿ ಬಂದದ್ದು ಅದರಲ್ಲೇ ಅಲ್ಲವೇ? ಹುಣ್ಣಿಮೆಗೆ ಅದನ್ನೇ ಕೊಕಟನೂರಿಗೆ ಕರೆದುಕೊಂಡು ಹೋಗು, ಮುತ್ತನ್ನೂ ಅದಕ್ಕೇ ಕಟ್ಟಿಸು. ನಾನು ಬರುವುದಿಲ್ಲ, ಅವತ್ತು ಗಣಿತದ ಪರೀಕ್ಷೆ ಇದೆ.