ಮೂರನೇ ಮಹಡಿಯ ಬೆಕ್ಕು

ಅಕ್ಕಾ,

ಬದುಕಿದ್ದೀನಿ. "ಕಿಟಕಿ ಫೋಟೋ ತೆಗೆಯೋಕೆ ಅಷ್ಟು ದೂರ ಹೋಗ್ಬೇಕಾ, ನಮ್ಮನೇಲಿ ಕಿಟಕಿ ಇಲ್ವಾ?" ಅಂದಿದ್ರಲ್ಲ ಭಾವ, ಅವರ ಬಾಯಿ ಮುಚ್ಚಿಸೋಕೆ ಅಂತಲೇ ಇವತ್ತು ಹೊರಟೆ.

ಇಲ್ಲೊಂದು ಹಳೇ ಕಟ್ಟಡ ಇದೆ. ಮೂರನೇ ಮಹಡೀಲಿ ಅರ್ಧ ತೆರೆದ ಹಸಿರು ಕಿಟಕಿ, ಅದರ ಅಂಚಲ್ಲಿ ಬೂದು ಬೆಕ್ಕು. ಯಾರಾದ್ರೂ ಇಣುಕಿದರೆ ಫೋಟೋಗೆ ಕಳೆ ಬರುತ್ತೆ ಅಂತ ಬೆಳಗ್ಗೆಯಿಂದ ಕ್ಯಾಮೆರಾ ಹಿಡಿದು ತಪಸ್ಸಿಗೆ ನಿಂತೆ. ಬೆಕ್ಕು ನನಗಿಂತ ದೊಡ್ಡ ತಪಸ್ವಿ, ಕಿವಿ ಕೂಡ ಅಲ್ಲಾಡಿಸಲಿಲ್ಲ. ಎದುರಿನ ಕ್ಷೌರದಂಗಡಿಯವನು ಪಾಪ, ಕುಡಿಯೋಕೆ ನೀರು ತಂದುಕೊಟ್ಟ. ಮಧ್ಯಾಹ್ನ ಊಟಕ್ಕೆ ಅಂಗಡಿ ಮುಚ್ಚುವಾಗ ಹತ್ತಿರ ಬಂದು ಮೆಲ್ಲಗೆ ಹೇಳಿದ, "ಅದು ಕಿಟಕಿ ಅಲ್ಲ ಸಾರ್, ಗೋಡೆ ಮೇಲೆ ಬರೆದಿರೋ ಚಿತ್ರ. ಬೆಕ್ಕೂ ಬಣ್ಣದ್ದೇ."

"ಮೊದಲೇ ಹೇಳೋಕೇನಾಗಿತ್ತು?" ಅಂದೆ.

"ಅಷ್ಟು ಭಕ್ತಿಯಿಂದ ನಿಂತಿದ್ರಿ, ಮಧ್ಯೆ ಬಾಯಿ ಹಾಕೋದು ಹೇಗೆ?"

ಎಂಥ ಸಂಸ್ಕಾರ ನೋಡು! ಬೆಳಗ್ಗೆಯೆಲ್ಲ ಅವನ ಗಿರಾಕಿಗಳು ಕೆನ್ನೆಯ ನೊರೆ ಸಮೇತ ಆಗಾಗ ಹೊರಗೆ ಬಂದು ನನ್ನನ್ನೇ ನೋಡ್ತಿದ್ರು. ಕಲಾವಿದ ಅಂದ್ರೆ ಈ ಊರಲ್ಲಿ ಎಷ್ಟು ಗೌರವ ಅಂತ ನಾನು ಬೀಗಿದ್ದೇ ಬೀಗಿದ್ದು.

ಆರೋಗ್ಯ ಚೆನ್ನಾಗಿದೆ, ಮೇಲೆ ನೋಡಿ ನೋಡಿ ಕತ್ತು ಮಾತ್ರ ಹಿಡ್ಕೊಂಡಿದೆ. ಮುಲಾಮು ಹಚ್ಚಿದ್ದೀನಿ, ಅಮ್ಮನಿಗೆ ಹೇಳಬೇಡ.

ಈ ಪೋಸ್ಟ್‌ಕಾರ್ಡ್ ತಿರುಗಿಸಿ ಚಿತ್ರ ನೋಡು: ಅದೇ ಕಿಟಕಿ, ಅದೇ ಬೆಕ್ಕು. ಮೂಲೆ ಅಂಗಡೀಲಿ ರಾಶಿ ಹಾಕಿ ಮಾರ್ತಾರೆ. ಭಾವನಿಗೆ ಆ ಕಡೆ ಮಾತ್ರ ತೋರಿಸು, ನಾನೇ ತೆಗೆದಿದ್ದು ಅನ್ನು.

ಜಾಗ ಮುಗೀತು,
ನಿನ್ನ ತಮ್ಮ